ಗೆರೆ ಎಳೆದರೆ ಹತ್ತಿರ, ಹೊರಟರೆ ದೂರ

‘ಬೀದರಿನಿಂದ ಕೋಲಾರದವರೆಗೆ’ ಎನ್ನುವ ಮಾತನ್ನು ಸಭೆ ಸಮಾರಂಭಗಳಲ್ಲಿ ಎಷ್ಟು ಸಲ ಕೇಳಿದ್ದೇವೋ. ಒಂದು ನಾಡಿನ ಬಡಗಣ ತುದಿ, ಇನ್ನೊಂದು ಮೂಡಣ ತುದಿ. ಇಡೀ ಕರ್ನಾಟಕವನ್ನು ಒಂದೇ ಉಸಿರಿನಲ್ಲಿ ಹೇಳಲು ಅದು ಅನುಕೂಲ. ಆದರೆ ಕೋಲಾರ ತಾಲ್ಲೂಕಿನ ಹುತ್ತೂರಿನಂಥ ಹೋಬಳಿಯಿಂದ ಒಬ್ಬರು ನಿಜವಾಗಿಯೂ ಬೀದರಿಗೆ ಹೊರಟರೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳಿ ನೋಡಿ. ಮೊದಲ ಪ್ರಶ್ನೆಗೆ ಒಂದೇ ಉತ್ತರ ಇದೆ. ಎರಡನೆಯದಕ್ಕೆ ವರ್ಷಕ್ಕೊಂದು ಉತ್ತರ.

ಮೊದಲ ಪ್ರಶ್ನೆಯನ್ನು ಶಾಲೆಯ ಅಟ್ಲಾಸ್ ಮುಂದಿಟ್ಟುಕೊಂಡೇ ಬಿಡಿಸಬಹುದು. ಕೋಲಾರ ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿ 8 ನಿಮಿಷದ ಆಸುಪಾಸಿನಲ್ಲಿ, ಬೀದರ್ 17 ಡಿಗ್ರಿ 55 ನಿಮಿಷದ ಹತ್ತಿರ. ವ್ಯತ್ಯಾಸ ನಾಲ್ಕು ಮುಕ್ಕಾಲು ಡಿಗ್ರಿಗಿಂತ ಚೂರು ಹೆಚ್ಚು. ನಮ್ಮ ಸೀಮೆಯಲ್ಲಿ ಒಂದು ಡಿಗ್ರಿ ಅಕ್ಷಾಂಶವೆಂದರೆ ಹೆಚ್ಚು ಕಡಿಮೆ 110.6 ಕಿಲೋಮೀಟರ್. ಗುಣಿಸಿದರೆ ತೆಂಕಣದಿಂದ ಬಡಗಣಕ್ಕೆ 529 ಕಿ.ಮೀ. ಬೀದರ್ ಕೋಲಾರಕ್ಕಿಂತ ಪಶ್ಚಿಮಕ್ಕೆ 65 ಕಿ.ಮೀ. ಸರಿದಿದೆ. ಹತ್ತನೇ ತರಗತಿಯ ಪೈಥಾಗೊರಸ್ ಪ್ರಮೇಯ ಹಾಕಿದರೆ ಕರ್ಣದ ಉದ್ದ 533 ಬರುತ್ತದೆ. ಅಷ್ಟು ದೂರದ ಪ್ರಯಾಣದಲ್ಲಿ 65 ಕಿ.ಮೀ. ಅಡ್ಡಕ್ಕೆ ಸರಿದದ್ದು ಸೇರಿಸುವುದು ಬರೀ ನಾಲ್ಕು ಕಿಲೋಮೀಟರ್. ಅಂದರೆ ಬೀದರ್ ನಮಗೆ ಬಹುಮಟ್ಟಿಗೆ ನೆಟ್ಟಗೆ ಬಡಗಣಕ್ಕಿದೆ. ಹಕ್ಕಿ ಹಾರಿದ ಹಾಗೆ ಹೋದರೆ ಸುಮಾರು 530 ಕಿ.ಮೀ.; ರಸ್ತೆ ಹಿಡಿದರೆ ಅದು 700ರ ಹತ್ತಿರ ಆಗುತ್ತದೆ. ಗೋಲಾಕಾರದ ಭೂಮಿಗೆ ಸಮತಲದ ಪ್ರಮೇಯ ಹಾಕಬಹುದೇ ಎಂದು ಮಕ್ಕಳು ಕೇಳಿದರೆ, ಇಷ್ಟು ಸಣ್ಣ ದೂರಕ್ಕೆ ಹಾಕಬಹುದು, ತಪ್ಪು ಬಂದರೂ ಒಂದೆರಡು ಕಿಲೋಮೀಟರಿನೊಳಗೆ ಎಂದು ಧೈರ್ಯವಾಗಿ ಹೇಳಬಹುದು.

ಈ ನೇರ ಗೆರೆ ನಿನ್ನೆ ಮೊನ್ನೆಯದಲ್ಲ. ಅದನ್ನು ನೆಲದ ಮೇಲೆ ಅಳೆದು ಇನ್ನೂರು ವರ್ಷ ದಾಟಿದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರದಿಂದ ಅಗರದ ಕಡೆಗೆ, ಏಳೂವರೆ ಮೈಲಿಗೆ ಕೊಂಚ ಕಡಿಮೆ ಉದ್ದದ ಒಂದು ಆಧಾರರೇಖೆಯನ್ನು ಅಳೆದ. ಅಳೆದದ್ದು ನೂರು ಅಡಿ ಉದ್ದದ ಉಕ್ಕಿನ ಸರಪಳಿಯಿಂದ. ಎರಡೂವರೆ ಅಡಿಯ ನಲವತ್ತು ಕೊಂಡಿಗಳ ಸರಪಳಿ ಅದು. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವೆನಿಸಿಕೊಂಡು ಭಾರತಕ್ಕೆ ಬಂದ ಸರಪಳಿ. 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮುಖ್ಯ ಕೆಲಸ ಶುರುವಾಯಿತು. ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ, ಬೆಟ್ಟದಿಂದ ಬೆಟ್ಟಕ್ಕೆ ಬಾವುಟ ನೋಡುತ್ತ, ಆತನ ತಂಡ ಮದ್ರಾಸಿನಿಂದ ಪಡುವಣ ಕರಾವಳಿಯತ್ತ ಸಾಗಿತು. ಅರ್ಧ ಟನ್ ತೂಕದ ಥಿಯೋಡೊಲೈಟ್ ಯಂತ್ರವನ್ನು ಹೊತ್ತು ಬೆಟ್ಟ ಹತ್ತಿದವರ ಹೆಸರುಗಳು ಮಾತ್ರ ಯಾವ ನಕ್ಷೆಯ ಮೇಲೂ ಇಲ್ಲ.

ಆಮೇಲೆ ಅದೇ ತಂಡ 78ನೇ ರೇಖಾಂಶದ ಆಸುಪಾಸಿನಲ್ಲಿ ದಕ್ಷಿಣದಿಂದ ಉತ್ತರಕ್ಕೆ ಮಹಾಕಮಾನು ಎಳೆಯಿತು. ಈ ರೇಖಾಂಶ ಹಾದುಹೋಗುವುದು ನಮ್ಮ ಮಾಲೂರು ಮತ್ತು ಕೋಲಾರದ ನಡುವೆ. ಬೆಂಗಳೂರಿನಿಂದ ಗುತ್ತಿ, ಗುತ್ತಿಯಿಂದ ಬೀದರ್. 1811ರಲ್ಲಿ ಗುತ್ತಿಯ ಹತ್ತಿರ ಒಂದು ಆಧಾರರೇಖೆ, 1815ರಲ್ಲಿ ಬೀದರ್ ಸೀಮೆಯ ದಾಮರಗಿದ್ದದ ಬಳಿ ಇನ್ನೊಂದು. ಹೀಗೆ ಎರಡು ದಶಕ ತುಂಬುವ ಮೊದಲೇ ಬೆಂಗಳೂರಿಗೂ ಬೀದರಿಗೂ ನಡುವಿನ ನೇರ ದೂರ ಕರಾರುವಾಕ್ಕಾಗಿ ಗೊತ್ತಾಗಿತ್ತು. ಆಗ ಬೀದರ್ ನಿಜಾಮರ ಸೀಮೆ, ಕೋಲಾರ ಮೈಸೂರು ಸೀಮೆ. ಎರಡೂ ಒಂದೇ ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು.

ಇನ್ನು ಎರಡನೆಯ ಪ್ರಶ್ನೆ. ಎಷ್ಟು ಹೊತ್ತು?

ರೈಲಿನ ದಾರಿ ಸರಳ, ಆದರೆ ಸುದೀರ್ಘ. ಹುತ್ತೂರಿನಿಂದ ಕೋಲಾರ, ಕೋಲಾರದಿಂದ ಬೆಂಗಳೂರು, ಅಲ್ಲಿ ಯಶವಂತಪುರಕ್ಕೆ ಹೋಗಿ ಸಂಜೆಯ ಗಾಡಿ ಹಿಡಿದರೆ ರಾತ್ರಿಯೆಲ್ಲ ಮಲಗಿ ಬೆಳಗ್ಗೆ ಬೀದರ್. ರೈಲಿನಲ್ಲೇ ಹದಿಮೂರು ಹದಿನಾಲ್ಕು ಗಂಟೆ. ಮನೆಯ ಹೊಸ್ತಿಲಿನಿಂದ ಲೆಕ್ಕ ಹಿಡಿದರೆ ಇಪ್ಪತ್ತರ ಹತ್ತಿರ ಬರುತ್ತದೆ. ಕೋಲಾರದವರು ರೈಲಿನಲ್ಲೇ ಬೆಂಗಳೂರಿಗೆ ಹೋಗುತ್ತೇವೆಂದರೆ ಮೊದಲು ಬೆಂಗಳೂರಿಗೆ ಬೆನ್ನು ಹಾಕಿ ಬಂಗಾರಪೇಟೆಗೆ ಹೋಗಬೇಕು, ಅಲ್ಲಿಂದ ಮಾಲೂರಿನ ಮೇಲೆ ತಿರುಗಿ ಬರಬೇಕು, ಇಲ್ಲವೇ ಚಿಕ್ಕಬಳ್ಳಾಪುರ ಸುತ್ತಿಕೊಂಡು ಬರಬೇಕು. ಆದ್ದರಿಂದ ಬಹುಪಾಲು ಜನ ಬಸ್ಸನ್ನೇ ನೆಚ್ಚಿಕೊಂಡಿದ್ದಾರೆ.

ವಿಮಾನದ ದಾರಿಯನ್ನು ಬಿಡಿಸಿ ನೋಡುವುದು ಇನ್ನೂ ಉಪಯುಕ್ತ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಬೀದರ್ ವಿಮಾನ ನಿಲ್ದಾಣಕ್ಕೆ ನೇರ ಗೆರೆಯಲ್ಲಿ 520 ಕಿ.ಮೀ. ಚಿಲ್ಲರೆ. ರೆಕ್ಕೆಯ ಮೇಲೆ ಪಂಖ ತಿರುಗುವ ಎಟಿಆರ್ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಹಾರುತ್ತದೆ, ಸಣ್ಣ ಜೆಟ್ ಅದಕ್ಕಿಂತ ಬೇಗ. ಆದರೂ ವೇಳಾಪಟ್ಟಿಯಲ್ಲಿ ಎರಡಕ್ಕೂ ನಡುವಿನ ಅಂತರ ಹತ್ತು ಇಪ್ಪತ್ತು ನಿಮಿಷವಷ್ಟೇ. ಏಕೆಂದರೆ ಪ್ರಯಾಣದ ಹೊತ್ತನ್ನು ಲೆಕ್ಕ ಹಾಕುವುದು ಚಕ್ರಕ್ಕೆ ಕೊಟ್ಟ ಅಡ್ಡಗಟ್ಟಿ ತೆಗೆದ ಕ್ಷಣದಿಂದ, ಇಳಿದ ಊರಿನಲ್ಲಿ ಮತ್ತೆ ಅಡ್ಡಗಟ್ಟಿ ಕೊಡುವ ಕ್ಷಣದವರೆಗೆ. ರನ್‌ವೇವರೆಗೆ ತೆವಳುವುದು, ಸರದಿಗೆ ಕಾಯುವುದು, ಮೇಲೇರುವುದು, ಇಳಿಯುವುದು ಎಲ್ಲವೂ ಅದರಲ್ಲಿ ಸೇರಿದೆ. ಚಿಕ್ಕ ದೂರಕ್ಕೆ ಹಾರುವ ವಿಮಾನ ತನ್ನ ಪೂರ್ತಿ ವೇಗದಲ್ಲಿ ಇರುವುದು ಬಹಳ ಸ್ವಲ್ಪ ಹೊತ್ತು. ಅಂತೂ ಒಂದು ಗಂಟೆ ಹತ್ತು ಇಪ್ಪತ್ತು ನಿಮಿಷದ ಹಾರಾಟ ಎನ್ನೋಣ.

ಅದಕ್ಕೆ ಹುತ್ತೂರಿನ ಲೆಕ್ಕ ಸೇರಿಸಿ. ಊರಿನಿಂದ ಕೋಲಾರಕ್ಕೆ ಬರಬೇಕು. ಕೋಲಾರದಿಂದ ದೇವನಹಳ್ಳಿಗೆ ನೇರ ಗೆರೆಯಲ್ಲಿ 46 ಕಿ.ಮೀ. ಅಷ್ಟೇ, ಆದರೆ ಹೊಸಕೋಟೆಗೆ ಹೋಗಿ ಬಸ್ಸು ಬದಲಿಸಿ ಹೋಗುವವರಿಗೆ ಎರಡೂವರೆ ಮೂರು ಗಂಟೆ. ವಿಮಾನ ಹೊರಡುವ ಒಂದೂವರೆ ಎರಡು ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟ. ಇಳಿದ ಮೇಲೆ ಬೀದರಿನ ವಾಯುಪಡೆ ನೆಲೆಯಿಂದ ಊರೊಳಗೆ. ಒಟ್ಟು ಏಳೆಂಟು ಗಂಟೆ. ಅದರಲ್ಲಿ ಆಕಾಶದಲ್ಲಿ ಕಳೆದದ್ದು ಆರರಲ್ಲಿ ಒಂದು ಪಾಲು. ಉಳಿದದ್ದೆಲ್ಲ ನೆಲದ ಮೇಲೆ, ಹೆಚ್ಚಿನದು ನಿಂತುಕೊಂಡು.

ಇಷ್ಟಾದರೂ ರೈಲಿಗಿಂತ ಅರ್ಧ ಹೊತ್ತು ಉಳಿಯಿತಲ್ಲ, ಅದು ಸಣ್ಣದಲ್ಲ. ಅಪ್ಪನಿಗೆ ಹುಷಾರಿಲ್ಲ ಎಂದು ಬೆಳಗ್ಗೆ ಫೋನು ಬಂದರೆ ಸಂಜೆಗೆ ಮನೆ ಸೇರಬಹುದು. ಸರ್ಕಾರಿ ನೌಕರಿಯ ಮೇಲೆ ತುದಿಯಿಂದ ತುದಿಗೆ ಹೋದ ಕುಟುಂಬಗಳಿಗೆ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಓದಲು ಹೋದ ಹಾಲಿನ ಜಿಲ್ಲೆಯ ಹುಡುಗ ಹುಡುಗಿಯರಿಗೆ ಈ ಅರ್ಧ ದಿನದ ಬೆಲೆ ಚೆನ್ನಾಗಿ ಗೊತ್ತು. ಪ್ರಶ್ನೆ ಇರುವುದು ಆ ವಿಮಾನ ಇವತ್ತು ಇದೆಯೇ ಎನ್ನುವುದರಲ್ಲಿ.

ಬೀದರಿನ ನಾಗರಿಕ ಟರ್ಮಿನಲ್ ಉದ್ಘಾಟನೆಯಾಗಿ ಮೊದಲ ವಿಮಾನ ಇಳಿದದ್ದು 2020ರ ಫೆಬ್ರುವರಿ 7ರಂದು. ಅದಕ್ಕೂ ಎರಡೂವರೆ ತಿಂಗಳು ಮೊದಲು, 2019ರ ನವೆಂಬರ್ 22ರಂದು ಕಲಬುರಗಿಯಲ್ಲಿ ವಿಮಾನ ಸೇವೆ ಶುರುವಾಗಿತ್ತು. ಎರಡೂ ‘ಉಡಾನ್’ ಯೋಜನೆಯ ಕೂಸುಗಳು. ಸಣ್ಣ ಊರಿಗೆ ಹಾರುವ ಕಂಪನಿ ಒಂದಷ್ಟು ಆಸನಗಳನ್ನು ಕಡಿಮೆ ದರಕ್ಕೆ ಕೊಡಬೇಕು, ಯೋಜನೆ ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ ಅದು ಸುಮಾರು 2,500 ರೂಪಾಯಿ. ಆಗುವ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ಮೂರು ವರ್ಷದಲ್ಲಿ ಪ್ರಯಾಣಿಕರು ರೂಢಿಯಾಗುತ್ತಾರೆ, ಆಮೇಲೆ ವಿಮಾನ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂಬುದು ಅದರ ಹಿಂದಿನ ನಂಬಿಕೆ.

ಬೀದರಿನಲ್ಲಿ ಅದು ಹಾಗಾಗಲಿಲ್ಲ. ಸೇವೆ ಶುರುವಾದ ಮರುತಿಂಗಳೇ ಕೊರೋನಾ ಬಂತು. ಮೊದಲ ಕಂಪನಿ 2022ರ ಆರಂಭದಲ್ಲಿ ದೇಶದಲ್ಲೆಲ್ಲ ಹಾರಾಟ ನಿಲ್ಲಿಸಿತು. ಅದೇ ವರ್ಷ ಇನ್ನೊಂದು ಕಂಪನಿ ಬಂತು, 2023ರ ಕೊನೆಯಲ್ಲಿ ಅದೂ ಬೀದರನ್ನು ಬಿಟ್ಟಿತು. ರಾಜ್ಯ ಸರ್ಕಾರ ನಷ್ಟ ತುಂಬಿಕೊಡಲು ಒಪ್ಪಿದ ಮೇಲೆ 2025ರ ಏಪ್ರಿಲ್‌ನಲ್ಲಿ ಮತ್ತೆ ಹಾರಾಟ ಶುರುವಾಯಿತು. ಕಲಬುರಗಿಯ ಕಥೆ ಇದರ ತಿರುವುಮುರುವು. ಅಲ್ಲಿ ಶ್ರೀನಿವಾಸ ಸರಡಗಿಯ ಹತ್ತಿರ ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಇದೆ, ದೊಡ್ಡ ವಿಮಾನವೂ ಇಳಿಯಬಹುದು. ಆದರೆ ಯೋಜನೆಯ ಅವಧಿ ಮುಗಿಯುತ್ತಿದ್ದಂತೆ 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಮಾನ ನಿಂತಿತು. ಹೀಗೆ 520 ಕಿಲೋಮೀಟರ್ ಎನ್ನುವುದು ಒಂದು ವರ್ಷ ಒಂದೂಕಾಲು ಗಂಟೆ, ಮರುವರ್ಷ ಹದಿನಾಲ್ಕು ಗಂಟೆ.

ನೇರ ಗೆರೆಯ ದೂರಕ್ಕೆ ಕಾನೂನಿನ ಬಲವೂ ಇದೆ ಎಂಬುದು ಹಲವರಿಗೆ ತಿಳಿದಿರಲಿಕ್ಕಿಲ್ಲ. ಹೈದರಾಬಾದಿನ ಶಂಷಾಬಾದ್ ಮತ್ತು ನಮ್ಮ ದೇವನಹಳ್ಳಿ, ಎರಡೂ ವಿಮಾನ ನಿಲ್ದಾಣಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಕಟ್ಟುವಾಗ ಕೇಂದ್ರ ಸರ್ಕಾರ ಒಂದು ಕರಾರಿಗೆ ಒಪ್ಪಿತು. ನಿಲ್ದಾಣದಿಂದ ವಾಯುಮಾರ್ಗದಲ್ಲಿ 150 ಕಿ.ಮೀ. ಒಳಗೆ 25 ವರ್ಷಗಳವರೆಗೆ ಮತ್ತೊಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬೆಳೆಯುವಂತಿಲ್ಲ. ಬೆಂಗಳೂರಿನ ಕರಾರಿನಲ್ಲಿ ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ದೇವನಹಳ್ಳಿ ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ, ಆದ್ದರಿಂದ ಕಟ್ಟು 2033ರವರೆಗೆ. ಬೀದರ್ ಶಂಷಾಬಾದಿನಿಂದ ನೇರ ಗೆರೆಯಲ್ಲಿ ಸುಮಾರು 125 ಕಿ.ಮೀ. ವೃತ್ತದ ಒಳಗೇ ಬಿತ್ತು. ಅಲ್ಲಿ ದೇಶೀಯ ವಿಮಾನ ಇಳಿಸುವ ಪ್ರಸ್ತಾವ ಬಂದಾಗಲೆಲ್ಲ ಈ ಕರಾರು ಚರ್ಚೆಗೆ ಬರುತ್ತಿತ್ತು, ಕಟ್ಟಿದ ಟರ್ಮಿನಲ್ ವರ್ಷಗಟ್ಟಲೆ ಬಾಗಿಲು ಹಾಕಿಕೊಂಡು ಕೂತಿತ್ತು. ಕರಾರು ಬರೆದವರು ಕೈವಾರದಲ್ಲಿ ವೃತ್ತ ಎಳೆದರು. ವೃತ್ತದೊಳಗಿನ ಜನ ಎಷ್ಟು ಹೊತ್ತಿಗೆ ನಡುವಿನ ಬಿಂದುವಿಗೆ ತಲುಪುತ್ತಾರೆ ಎನ್ನುವುದು ಆ ಕಾಗದದಲ್ಲಿಲ್ಲ. ಅದನ್ನು ಗಂಟೆಗಳಲ್ಲಿ ಬರೆದಿದ್ದರೆ ಚೆನ್ನಾಗಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಈಗ ಬಡಗಣದ ಆ ಎರಡು ಊರುಗಳ ನಡುವೆಯೇ ನಿಂತು ನೋಡೋಣ. ಬೀದರಿಗೂ ಕಲಬುರಗಿಗೂ ನೇರ ಗೆರೆಯಲ್ಲಿ 97 ಕಿ.ಮೀ. ಹತ್ತಿರ. ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕಾದರೆ 90ಕ್ಕೂ ಕಡಿಮೆ. ಎರಡೂ ಕಡೆ ರನ್‌ವೇ ಇದೆ, ನಡುವೆ ವಿಮಾನ ಇಲ್ಲ. ಎರಡೂ ಊರಿಗೆ ಬೆಂಗಳೂರಿನ ವಿಮಾನ ಇದ್ದ ದಿನಗಳಲ್ಲಿ ಆಕಾಶದಲ್ಲೇ ಹೋಗುತ್ತೇನೆಂದು ಯಾರಾದರೂ ಹಟ ಹಿಡಿದಿದ್ದರೆ ಬೀದರಿನಿಂದ ಬೆಂಗಳೂರಿಗೆ 520, ಬೆಂಗಳೂರಿನಿಂದ ಕಲಬುರಗಿಗೆ 460, ಒಟ್ಟು ಸಾವಿರದ ಹತ್ತಿರ ಹಾರಬೇಕಿತ್ತು. ಯಾರೂ ಹಾಗೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಹುಮನಾಬಾದಿನ ಮೇಲೆ, ಕೆಂಪು ಬಾಳೆಯ ಕಮಲಾಪುರ ದಾಟಿ ಕೆಂಪು ಬಸ್ಸು ಎರಡೂವರೆ ಮೂರು ತಾಸಿನಲ್ಲಿ ತಲುಪಿಸುತ್ತದೆ.

ಆದರೆ ರೈಲಿನ ಕಥೆ ಕೇಳಿದರೆ ಸಂಕಟವಾಗುತ್ತದೆ. ಮುಂಬೈ ಮದ್ರಾಸ್ ನಡುವಿನ ಹಳಿ ಕಲಬುರಗಿಯ ಮೇಲೆ ಹಾದು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. 1874ರಲ್ಲಿ ನಿಜಾಮರು ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಕಿಸಿದರು. ವಿಕಾರಾಬಾದಿನಿಂದ ಬೀದರಿಗೆ ಹಳಿ ಬಂದದ್ದು 1930ರ ಸುಮಾರಿಗೆ. ರಾಜಧಾನಿ ಹೈದರಾಬಾದಾಗಿತ್ತು, ಹಳಿಗಳೆಲ್ಲ ಆ ಕಡೆಗೇ ಮುಖ ಮಾಡಿದವು. ನೂರು ಕಿಲೋಮೀಟರಿನ ನೆರೆಯೂರಿಗೆ ರೈಲಿನಲ್ಲಿ ಹೋಗಬೇಕೆಂದರೆ ಬೀದರಿನವರು ಮೊದಲು ಆಗ್ನೇಯಕ್ಕೆ ವಿಕಾರಾಬಾದಿಗೆ ಹೋಗಿ, ಅಲ್ಲಿಂದ ತಾಂಡೂರು, ವಾಡಿ ಮೇಲೆ ಪಶ್ಚಿಮಕ್ಕೆ ತಿರುಗಿ ಬರಬೇಕಿತ್ತು. ತ್ರಿಕೋನದ ಎರಡು ಭುಜ ಸುತ್ತಿ ಮೂರನೆಯದರ ತುದಿ ಮುಟ್ಟುವ ಪ್ರಯಾಣ. ರಾಜ್ಯ ಒಂದಾದ ಮೇಲೂ ಅರವತ್ತು ವರ್ಷ ಇದು ಹಾಗೇ ಇತ್ತು. ಮೂರನೆಯ ಭುಜ, ಹುಮನಾಬಾದಿನ ಮೇಲೆ ಹಾದ 110 ಕಿ.ಮೀ. ಹಳಿ, ಕೊನೆಗೂ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಮರಗುತ್ತಿಯ ಬಳಿ ಗುಡ್ಡ ಕೊರೆದು ಸುರಂಗ ಮಾಡಿದ್ದಾರೆ.

ಆ ಹಳಿಯ ಮೇಲಿನ ಗಾಡಿಯಲ್ಲಿ ಹುಮನಾಬಾದಿನಿಂದ ಹತ್ತಿದ ಹಿರಿಯರೊಬ್ಬರು, ಮಡಿಲಲ್ಲಿ ಮೊಮ್ಮಗನನ್ನು ಕೂರಿಸಿಕೊಂಡು, ನನ್ನ ಪ್ರಶ್ನೆಗೆ ಉತ್ತರ ಕೊಟ್ಟರು. “ದವಾಖಾನಿಗೆ ಹೊಂಟೀನ್ರಿ. ಮುಂಜಾನಿ ಹೋದ್ರ ಸಂಜಿಗಿ ಮನ್ಯಾಗಿರ್ಬೇಕ್ ನೋಡ್ರಿ. ಸಂಜಿ ಗಾಡಿ ತಪ್ಪಿದ್ರ ಊರಾಗ ಒಂದ್ ರಾತ್ರಿ ಖರ್ಚು.” ಗಾಡಿಯ ವೇಗದ ಬಗ್ಗೆ ಅವರಿಗೆ ದೂರು ಇರಲಿಲ್ಲ. ಅವರು ಕೇಳಿದ್ದು ತಿರುಗಿ ಬರುವ ಗಾಡಿ ಎಷ್ಟು ಗಂಟೆಗೆ ಎಂದು. ಚೀಲದಲ್ಲಿ ಒಂದು ಹೊದಿಕೆ, ಬುತ್ತಿ, ಎಕ್ಸ್‌ರೇ ಹಾಳೆಯ ದೊಡ್ಡ ಲಕೋಟೆ. ಹೊದಿಕೆ ತಂದದ್ದು ಗಾಡಿ ತಪ್ಪಿದರೆ ಇರಲಿ ಎಂದು.

ದೂರದ ಊರುಗಳ ಪ್ರಯಾಣದಲ್ಲಿ ನಾವು ಲೆಕ್ಕಕ್ಕೆ ಹಿಡಿಯದೇ ಬಿಡುವುದು ಈ ಕಾಯುವ ಹೊತ್ತನ್ನೇ. ವಾರಕ್ಕೆ ಎರಡೇ ವಿಮಾನ ಇದ್ದರೆ, ಒಂದು ಗಂಟೆಯ ಹಾರಾಟಕ್ಕೆ ಮೂರು ದಿನ ಕಾಯಬೇಕಾದೀತು. ಒಂದು ಗಂಟೆಯ ಕೆಲಸಕ್ಕೆ ಹೋದವರು ಮುಂದಿನ ವಿಮಾನದವರೆಗೆ ಅಲ್ಲೇ ಉಳಿಯಬೇಕಾದೀತು. ಪ್ರಪಂಚದ ಬಡಗಣ ತುದಿಯ ಜನ ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.

ಕೆನಡಾದ ನೂನವುಟ್ ಪ್ರದೇಶದಲ್ಲಿ ಗ್ರೀಸ್ ಫಿಯರ್ಡ್ ಮತ್ತು ರೆಸಲ್ಯೂಟ್ ಎಂಬ ಎರಡು ಊರುಗಳಿವೆ. ಎರಡರ ಜನಸಂಖ್ಯೆ ಸೇರಿಸಿದರೂ 350 ಆಗುವುದಿಲ್ಲ. ಗ್ರೀಸ್ ಫಿಯರ್ಡ್ ಆ ದೇಶದ ಅತ್ಯಂತ ಉತ್ತರದ ನಾಗರಿಕ ಊರು, 76ನೇ ಅಕ್ಷಾಂಶವನ್ನೂ ದಾಟಿದೆ. ಎರಡರ ನಡುವೆ ನೇರ ಗೆರೆಯಲ್ಲಿ ಸುಮಾರು 385 ಕಿ.ಮೀ. ರಸ್ತೆ ಇಲ್ಲ. ನಡುವೆ ಇರುವುದು ಹಿಮ, ಸಮುದ್ರ, ದ್ವೀಪಗಳು. ಹತ್ತೊಂಬತ್ತು ಇಪ್ಪತ್ತು ಜನ ಹಿಡಿಸುವ ಟ್ವಿನ್ ಆಟರ್ ಎಂಬ ಪುಟ್ಟ ವಿಮಾನ, ಬೆಟ್ಟದ ಬುಡದ ಜಲ್ಲಿಯ ಪಟ್ಟಿಯ ಮೇಲೆ ಇಳಿಯುತ್ತದೆ. ಹವೆ ಚೆನ್ನಾಗಿದ್ದರೆ ಒಂದೂವರೆ ಗಂಟೆಯ ಹಾರಾಟ. ಗಾಳಿ ಎದ್ದರೆ, ಮಂಜು ಮುಸುಕಿದರೆ, ಅದು ಎಷ್ಟು ದಿನದ ಹಾರಾಟ ಎಂದು ಯಾರೂ ಹೇಳಲಾರರು. ನವೆಂಬರ್‌ನಿಂದ ಫೆಬ್ರುವರಿವರೆಗೆ ಅಲ್ಲಿ ಸೂರ್ಯನೇ ಮೂಡುವುದಿಲ್ಲ. ಭಾರದ ಸಾಮಾನು ಬೇಸಿಗೆಯಲ್ಲಿ ಹಿಮ ಕರಗಿದಾಗ ಹಡಗಿನಲ್ಲಿ ಬರುತ್ತದೆ.

ಆ ಜನ ಅಲ್ಲಿಗೆ ತಾವಾಗಿ ಹೋದವರಲ್ಲ. 1953ರಲ್ಲಿ ಕೆನಡಾ ಸರ್ಕಾರ ಕ್ವಿಬೆಕ್‌ನ ಇನುಕ್‌ಜುವಾಕ್ ಊರಿನ ಇನುಯಿಟ್ ಕುಟುಂಬಗಳನ್ನು ಸುಮಾರು ಎರಡು ಸಾವಿರ ಕಿಲೋಮೀಟರ್ ಉತ್ತರಕ್ಕೆ ಸಾಗಿಸಿತು. ಮರಳಿ ಬರಬಹುದು ಎಂದು ಕೊಟ್ಟ ಮಾತು ಉಳಿಯಲಿಲ್ಲ. ಹೊಸ ಜಾಗದಲ್ಲಿ ಬೇಟೆಯ ಪ್ರಾಣಿ ಬೇರೆ, ಹಿಮ ಬೇರೆ, ಕತ್ತಲೆ ಬೇರೆ. ಒಟ್ಟಿಗೆ ಹೊರಟ ಬಂಧುಗಳನ್ನು ಎರಡು ಊರುಗಳಿಗೆ ಹಂಚಿದರು. 2010ರ ಆಗಸ್ಟ್‌ನಲ್ಲಿ ಸರ್ಕಾರ ಇದಕ್ಕಾಗಿ ಕ್ಷಮೆ ಕೇಳಿತು. ಹಾಗಾಗಿ ಗ್ರೀಸ್ ಫಿಯರ್ಡ್ ಮತ್ತು ರೆಸಲ್ಯೂಟ್ ನಡುವಿನ ವಿಮಾನದ ಲೆಕ್ಕವನ್ನು ಲಾಭ ನಷ್ಟದಲ್ಲಿ ನೋಡುವುದು ಅನ್ಯಾಯ. ಆ 385 ಕಿಲೋಮೀಟರನ್ನು ಅಲ್ಲಿಟ್ಟದ್ದೇ ಸರ್ಕಾರ.

ಸ್ಕಾಟ್ಲೆಂಡಿನ ಬಡಗಣದ ಆರ್ಕ್ನಿ ದ್ವೀಪಗಳಲ್ಲಿ ಇನ್ನೊಂದು ತುದಿಯ ಉದಾಹರಣೆ ಇದೆ. ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ದ್ವೀಪಗಳ ನಡುವೆ 1967ರಿಂದ ವಿಮಾನ ಹಾರುತ್ತಿದೆ. ದೂರ 2.7 ಕಿಲೋಮೀಟರ್. ವೇಳಾಪಟ್ಟಿಯಲ್ಲಿ ಎರಡು ನಿಮಿಷ, ಗಾಳಿ ಒದಗಿದರೆ ಒಂದು ನಿಮಿಷಕ್ಕೂ ಕಡಿಮೆ. ಲೋಕದಲ್ಲೇ ಅತಿ ಚಿಕ್ಕ ನಿಯತ ವಿಮಾನ ಸೇವೆ ಅದು. ಶಾಲೆಯ ಮೇಷ್ಟರು, ವೈದ್ಯರು, ರೋಗಿಗಳು ಹತ್ತುತ್ತಾರೆ. ಹುತ್ತೂರಿನಿಂದ ಪಕ್ಕದ ಹಳ್ಳಿಗೆ ಇರುವಷ್ಟು ದೂರಕ್ಕೆ ವಿಮಾನವೇ ಎಂದು ನಮಗೆ ಅನಿಸಬಹುದು. ಆದರೆ ನಡುವೆ ಇರುವುದು ಉತ್ತರ ಅಟ್ಲಾಂಟಿಕ್‌ನ ಕಡಲು, ವರ್ಷದ ಬಹುಕಾಲ ಮೊರೆಯುವ ಕಡಲು.

ಈ ಎರಡನ್ನೂ ಬೀದರ್ ಕಲಬುರಗಿಯ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಒಂದು ವಿಷಯ ಖಚಿತವಾಗುತ್ತದೆ. ದೂರವನ್ನು ಕುಗ್ಗಿಸಲು ವಿಮಾನವೇ ಆಗಬೇಕೆಂದಿಲ್ಲ. ನೆಲ ಇರುವ ಕಡೆ ಹಳಿ ಸಾಕು, ರಸ್ತೆ ಸಾಕು. ಆದರೆ ಒಮ್ಮೆ ಕೊಟ್ಟ ಗಂಟೆಗಳನ್ನು ಮತ್ತೆ ಕಿತ್ತುಕೊಳ್ಳಬಾರದು. ವಿಮಾನ ಬಂತೆಂದು ಬೀದರಿನಲ್ಲಿ ಅಂಗಡಿ ತೆರೆದವನು, ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಹಿಡಿಸಿದ ತಾಯಿ, ತಿಂಗಳಿಗೊಮ್ಮೆ ಬಂದು ರೋಗಿಗಳನ್ನು ನೋಡುತ್ತೇನೆಂದ ವೈದ್ಯ, ಎಲ್ಲರೂ ಆ ಒಂದೂಕಾಲು ಗಂಟೆಯನ್ನು ನಂಬಿಯೇ ತೀರ್ಮಾನ ಮಾಡಿರುತ್ತಾರೆ. ಹೈದರಾಬಾದಿನ ದೊಡ್ಡ ನಿಲ್ದಾಣ ರಸ್ತೆಯಲ್ಲಿ ಮೂರು ಗಂಟೆಯಲ್ಲಿ ಸಿಗುವಾಗ ಬೀದರಿನ ವಿಮಾನ ಸುಲಭವಾಗಿ ತುಂಬುವುದಿಲ್ಲ ಎಂಬುದು ಕಂಪನಿಗಳ ಕಡೆಯ ನಿಜ. ಅದೂ ಸುಳ್ಳಲ್ಲ. ಆದರೆ ನಷ್ಟ ತುಂಬುವ ಅವಧಿಯನ್ನು ಮೂರು ವರ್ಷಕ್ಕೆ ಕಟ್ಟಿಹಾಕಿದ್ದು ಯಾವ ಲೆಕ್ಕದಿಂದ? ಬಸ್ಸಿಗೆ ನಾವು ಹಾಗೆ ಮಾಡುವುದಿಲ್ಲ. ಹುತ್ತೂರಿನ ಬೆಳಗಿನ ಬಸ್ಸು ಲಾಭ ತರುತ್ತದೋ ಇಲ್ಲವೋ, ಶಾಲೆಯ ಮಕ್ಕಳಿಗಾಗಿ, ಹಾಲು ಸೊಪ್ಪು ತರುವ ಹೆಂಗಸರಿಗಾಗಿ ಅದು ಓಡಲೇಬೇಕು.

ದೂರವನ್ನು ಕುಗ್ಗಿಸಿದ ಒಂದು ದೊಡ್ಡ ಕೆಲಸ ನಮ್ಮ ರಾಜ್ಯದಲ್ಲೇ ಆಗಿದೆ, ಅದಕ್ಕೆ ರೆಕ್ಕೆಯೂ ಇಲ್ಲ, ಚಕ್ರವೂ ಇಲ್ಲ. 2008ರವರೆಗೆ ಔರಾದಿನ ರೈತನೊಬ್ಬನ ಜಮೀನಿನ ವ್ಯಾಜ್ಯ ಹೈಕೋರ್ಟಿಗೆ ಹೋದರೆ ಅವನು ಬೆಂಗಳೂರಿಗೆ ಬರಬೇಕಿತ್ತು. ಔರಾದ್ ಬೀದರಿನಿಂದಲೂ ಬಡಗಣಕ್ಕೆ ನಲವತ್ತು ಕಿಲೋಮೀಟರ್ ಆಚೆಗಿದೆ. ಒಂದು ವಾಯಿದೆಗೆ ಎರಡು ರಾತ್ರಿ ರೈಲು, ಒಂದು ಹಗಲು ಕೋರ್ಟಿನ ಅಂಗಳ. ವಾಯಿದೆ ಮುಂದೆ ಹೋದರೆ ಮತ್ತೆ ಅದೇ. 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಶುರುವಾದವು, 2013ರಲ್ಲಿ ಅವು ಕಾಯಂ ಆದವು. ಆ ರೈತನಿಗೆ ಏಳುನೂರರಷ್ಟು ಕಿಲೋಮೀಟರಿನ ದಾರಿ ನೂರೈವತ್ತಾಯಿತು. ಕಲಬುರಗಿಗೆ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಬಂದದ್ದೂ ಇದೇ ಬಗೆಯ ಕೆಲಸ. ಎದೆನೋವು ಬಂದವರಿಗೆ ಗಂಟೆಗಳಷ್ಟೇ ಮುಖ್ಯ.

ನಮ್ಮ ಕೋಲಾರ ಜಿಲ್ಲೆಯ ಕಥೆಯಲ್ಲೂ ಇದೇ ಎಳೆ ಇದೆ. ಬೌರಿಂಗ್‌ಪೇಟೆಯಿಂದ, ಅಂದರೆ ಇವತ್ತಿನ ಬಂಗಾರಪೇಟೆಯಿಂದ, ಚಿನ್ನದ ಗಣಿಗೆ ಹಳಿ ಬಿದ್ದದ್ದು 1890ರ ದಶಕದಲ್ಲಿ. ಕೋಲಾರಕ್ಕೆ ಸಣ್ಣ ಹಳಿಯ ರೈಲು ಬಂದದ್ದು ಅದಾಗಿ ಸುಮಾರು ಇಪ್ಪತ್ತು ವರ್ಷಕ್ಕೆ, 1913ರಲ್ಲಿ. ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆಗಿನ ಆ ಹಳಿ ದೊಡ್ಡದಾಗಿ ಮತ್ತೆ ಗಾಡಿ ಓಡಿದ್ದು 2013ರಲ್ಲಿ. 2024ರ ಕೊನೆಯಲ್ಲಿ ಬೆಂಗಳೂರು ಚೆನ್ನೈ ಎಕ್ಸ್‌ಪ್ರೆಸ್ ರಸ್ತೆಯ ನಮ್ಮ ಪಾಲು ಸಂಚಾರಕ್ಕೆ ತೆರೆದು, ಮಾಲೂರು, ಬೇತಮಂಗಲದ ಕಡೆಯವರಿಗೆ ಹೊಸಕೋಟೆ ಹತ್ತಿರವಾಯಿತು. ಅದು ಕಾರು ಇದ್ದವರಿಗೆ. ಬಸ್ಸಿನವರಿಗೆ, ಬೈಕಿನವರಿಗೆ ಆ ರಸ್ತೆಯಿಂದ ಏನೂ ಬದಲಾಗಿಲ್ಲ. ಕೋಲಾರದ ಟೊಮೆಟೊ ಮಂಡಿಯಲ್ಲಿ ಹೋಗಿ ನಿಂತರೆ ಒಬ್ಬರೂ ಕಿಲೋಮೀಟರಿನ ಮಾತಾಡುವುದಿಲ್ಲ. ದಿಲ್ಲಿಗೆ ಎಷ್ಟು ದಿನದ ಓಟ, ಯಾವ ಹೊತ್ತಿಗೆ ಲೋಡ್ ಆದರೆ ಯಾವ ಮಾರುಕಟ್ಟೆಯ ಹರಾಜಿಗೆ ಸಿಗುತ್ತದೆ, ಅದಕ್ಕೆ ಕಾಯಿ ಎಷ್ಟು ಹಣ್ಣಾಗಿರಬೇಕು ಎನ್ನುವುದೇ ಲೆಕ್ಕ. ದೂರದ ಲಾರಿಗೆ ಹಸಿರು ತಿರುಗಿದ ಕಾಯಿ, ಹತ್ತಿರದ ಲಾರಿಗೆ ಕೆಂಪು ಹಣ್ಣು. ಕ್ರೇಟು ತುಂಬುವ ಕೈಗಳು ಬಣ್ಣ ನೋಡಿಯೇ ಗಂಟೆ ಹೇಳುತ್ತವೆ.

ರಾಜ್ಯ ಸರ್ಕಾರ ಇಷ್ಟನ್ನಾದರೂ ಮಾಡಬೇಕೆಂದು ನನ್ನ ಒತ್ತಾಯ. ಪ್ರತಿ ತಾಲ್ಲೂಕು ಕೇಂದ್ರದಿಂದ ಹೈಕೋರ್ಟ್ ಪೀಠಕ್ಕೆ, ಹೃದಯದ ಆಸ್ಪತ್ರೆಗೆ, ವಿಶ್ವವಿದ್ಯಾಲಯಕ್ಕೆ ಎಷ್ಟು ಕಿಲೋಮೀಟರ್ ಎಂದು ಬರೆಯುವ ಕಡೆ, ಸ್ವಂತ ವಾಹನ ಇಲ್ಲದವರು ಹೋಗಿ ಬರಲು ಎಷ್ಟು ಗಂಟೆ ಎಂದೂ ಬರೆಯಲಿ. ಕಾಯುವ ಹೊತ್ತು ಸೇರಿಸಿ ಬರೆಯಲಿ. ವಿಮಾನ ನಿಲ್ಲಿಸುವಾಗ, ರೈಲಿನ ಹೊತ್ತು ಬದಲಿಸುವಾಗ, ಬಸ್ಸಿನ ರೂಟು ಕಡಿಯುವಾಗ ಆ ಪಟ್ಟಿಯಲ್ಲಿ ಯಾವ ಊರು ಎಷ್ಟು ಗಂಟೆ ಹಿಂದಕ್ಕೆ ಸರಿಯಿತು ಎಂದು ಜನರ ಮುಂದಿಡಲಿ. ಔರಾದ್, ಕಮಲನಗರ, ಶ್ರೀನಿವಾಸಪುರ, ಮುಳಬಾಗಿಲು ಒಂದೇ ಹಾಳೆಯಲ್ಲಿ ಬಂದರೆ ಯಾರು ಎಷ್ಟು ದೂರದಲ್ಲಿದ್ದಾರೆ ಎಂಬುದು ತಾನಾಗಿ ಕಾಣುತ್ತದೆ. ಆ ಹಾಳೆಯ ಮೊದಲ ಸಾಲಿಗೆ ಕಲಬುರಗಿಯಿಂದ ಬೀದರಿಗೆ ಹೊರಡುವ ಸಂಜೆಯ ಕೊನೆಯ ಗಾಡಿಯ ಹೊತ್ತನ್ನು ಬರೆಯಲಿ, ಮತ್ತು ಆಸ್ಪತ್ರೆಯ ಹೊರರೋಗಿ ವಿಭಾಗ ಮುಚ್ಚುವ ಹೊತ್ತನ್ನು ಅದರ ಪಕ್ಕದಲ್ಲೇ.